ಹಾಡಿಗೊಬ್ಬ ದ್ರೋಹಿ ಬೇಕು

ಮೆಕ್ಸಿಕೋದ ಒಂದೂರಲ್ಲಿ ಅಫೀಮಿನ ಧಣಿಯೊಬ್ಬನಿದ್ದ. ಆ ಸೀಮೆಯ ಇಂಥ ಧಣಿಗಳು ತಮ್ಮ ಮೇಲೆ ತಾವೇ ಲಾವಣಿ ಕಟ್ಟಿಸಿಕೊಳ್ಳುತ್ತಾರೆ. ನಗಬೇಡಿ, ನಾವು ಅಭಿನಂದನ ಗ್ರಂಥ ಮಾಡಿಸಿಕೊಳ್ಳುವುದಿಲ್ಲವೇ?

ಧಣಿಗೊಬ್ಬ ಬಂಟ. ಇಪ್ಪತ್ತು ವರ್ಷ ಅವನ ಜೀಪು ಓಡಿಸಿದವನು, ಅವನಿಗೆ ಬೀಳಬೇಕಿದ್ದ ಗುಂಡನ್ನು ತನ್ನ ಭುಜಕ್ಕೆ ತಗಲಿಸಿಕೊಂಡವನು. ಧಣಿಯ ಮಗಳಿಗೆ ಚರ್ಚಿನಲ್ಲಿ ಹೆಸರಿಟ್ಟು ಜ್ಞಾನಸ್ನಾನ ಮಾಡಿಸಿದಾಗ ಮಗುವನ್ನು ಎತ್ತಿ ಹಿಡಿದವನೂ ಅವನೇ. ಹಾಗೆ ಹಿಡಿದವನು ಅಲ್ಲಿ ಒಡಹುಟ್ಟಿದವನಿಗಿಂತ ಹೆಚ್ಚು.

ಒಂದು ದಿನ, ಧಣಿಯ ಹಾಡು ಕಟ್ಟುತ್ತಿದ್ದ ಲಾವಣಿಕಾರ ತನ್ನ ಅಕಾರ್ಡಿಯನ್ ವಾದ್ಯ ಕೆಳಗಿಟ್ಟ. "ಧಣಿ, ಹಾಡಲ್ಲಿ ಕುದುರೆ ಇದೆ, ಬಂದೂಕಿದೆ, ನಿಮ್ಮ ಮೀಸೆ ಇದೆ. ದ್ರೋಹಿ ಮಾತ್ರ ಇಲ್ಲ. ದ್ರೋಹಿ ಇಲ್ಲದ ಹಾಡನ್ನ ಯಾರು ಕೇಳ್ತಾರೆ?"

ಧಣಿ ಯೋಚಿಸಿದ. ಶತ್ರು ದ್ರೋಹ ಮಾಡಲಾರ, ಹತ್ತಿರದವನೇ ಮಾಡಬೇಕು. ಹತ್ತಿರದವನು ಯಾರು? ನೋಡಿ, ನಿಷ್ಠೆಗೆ ಸಿಕ್ಕ ಪಾತ್ರ.

"ನನ್ನ ಬಂಟನ್ನೇ ಹಾಕು. ಅವನೇನೂ ಅಂದ್ಕೊಳ್ಳಲ್ಲ, ನಮ್ಮವನು."

ಮಗಳ ಹುಟ್ಟುಹಬ್ಬದ ಊಟದಲ್ಲಿ ಬಂಟ ಹಾಡು ಕೇಳಿದ. ಅದರಲ್ಲಿ ಬಂಟ ಧಣಿಯನ್ನು ಸೈನಿಕರಿಗೆ ಹಿಡಿದುಕೊಡಲು ಹೊರಡುತ್ತಾನೆ; ಧಣಿ ಅವನನ್ನು ಹಾಳು ಬಾವಿಯ ಬಳಿ ಕರೆದೊಯ್ದು ಮುಗಿಸುತ್ತಾನೆ. ಎಲ್ಲರೂ ನಕ್ಕರು. ಅವನೂ ನಕ್ಕ. ಎರಡನೇ ಸಲ ಹಾಡಿದಾಗ ಪಕ್ಕದವನು ಕುರ್ಚಿಯನ್ನು ಒಂದಿಷ್ಟು ಸರಿಸಿಕೊಂಡ.

ಹಾಡು ಬಸ್ಸು ಹತ್ತಿತು, ಕ್ಷೌರದಂಗಡಿ ಹೊಕ್ಕಿತು. ಜೀಪಿನ ಕೀಲಿ ಬೇರೊಬ್ಬನ ಕೈಗೆ ಹೋಯಿತು. ಕೇಳಿ ಕೇಳಿ, ಕಟ್ಟಿಸಿದ ಧಣಿಯೇ ಅದನ್ನು ನಂಬಿದ. ಒಂದು ಬೆಳಿಗ್ಗೆ ಬಂಟನ ಹೆಗಲ ಮೇಲೆ ಕೈಯಿಟ್ಟ.

"ಬಾರೋ ತಮ್ಮಾ, ಬಾವಿ ಕಡೆ ಹೋಗಿ ಬರೋಣ."

ಬಂಟನಿಗೆ ಹಾಡು ಬಾಯಿಪಾಠವಾಗಿತ್ತು. ಟೋಪಿ ತರುತ್ತೇನೆಂದು ಒಳಗೆ ಹೋದವನು ಹಿತ್ತಲಿನಿಂದ ಹೊರಬಿದ್ದು ಸೈನಿಕರ ಶಿಬಿರಕ್ಕೇ ಓಡಿದ. ಅಲ್ಲಿಯವರೆಗೆ ಅವನಿಗೆ ಆ ದಾರಿಯೂ ಗೊತ್ತಿರಲಿಲ್ಲ.

ಸೈನಿಕರು ಬಂದು ಬೇಡಿ ತೊಡಿಸಿ ಕರೆದೊಯ್ಯುವಾಗ ಧಣಿ ಲಾವಣಿಕಾರನತ್ತ ತಿರುಗಿದ. "ನಾನು ಹೇಳಿರ್ಲಿಲ್ವಾ, ಅವನು ಅಂಥವನೇ." ಮುಖದಲ್ಲಿ ಸಮಾಧಾನವಿತ್ತಂತೆ.

ನಮ್ಮಲ್ಲಿ ಅಫೀಮಿಲ್ಲ, ಅಕಾರ್ಡಿಯನ್ ಇಲ್ಲ. ಆದರೆ ನೆಂಟರು ಬಂದು ಕೂತರೆ ಸಾಕು, ನಮ್ಮ ಹಾಡು ಶುರು. ಅದರಲ್ಲಿ ಧಣಿ ನಾವು. ದ್ರೋಹಿ ಯಾರು? ಕಾಫಿ ತಟ್ಟೆ ಹಿಡಿದು ಅಲ್ಲೇ ನಿಂತ ತಮ್ಮ. "ಇವನನ್ನ ನಂಬಿದ್ರೆ ಮುಗೀತು" ಎಂದು ನಗುತ್ತೇವೆ. ಅವನೂ ನಗುತ್ತಾನೆ. ಅವನಿಗೂ ಅದು ಬಾಯಿಪಾಠವಾಗುತ್ತಿದೆ.

ಇವತ್ತು ಮನೆಗೆ ಹೋದಾಗ ಆ ಮಾತು ನಾಲಿಗೆಗೆ ಬಂದರೆ ನುಂಗಿಕೊಳ್ಳಿ. ಕಥೆ ಸಪ್ಪೆಯಾಗಲಿ, ನೆಂಟರು ಆಕಳಿಸಲಿ. ತಮ್ಮನ ಕೈಯಿಂದ ಆ ತಟ್ಟೆ ತೆಗೆದುಕೊಂಡು, ಅವನಿಗೂ ಒಂದು ಕುರ್ಚಿ ಹಾಕಿ.