ಎರಡು ಸ್ಟೋವ್

ಗಿರಿಜವ್ವ ಖಾಲಿ ಕ್ಯಾನನ್ನು ಕಾಲಿನಿಂದ ಮುಂದಕ್ಕೆ ನೂಕಿದಳು. ನಿಟ್ಟುವಳ್ಳಿಯ ಸೀಮೆಎಣ್ಣೆ ಸಾಲಿನಲ್ಲಿ ನನ್ನ ಮುಂದೆ ಅವಳು, ಅವಳ ಮುಂದೆ ಅವಳ ಪಕ್ಕದ ಮನೆಯ ದ್ರಾಕ್ಷಾಯಣಮ್ಮ.

“ಅಕ್ಕಾರೆ, ನೀವೂ ಒಬ್ರೇ, ನಾನೂ ಒಬ್ಬಾಕಿ. ಎರಡು ಸ್ಟೋವ್ ಯಾಕ? ದಿನಾ ನಮ್ಮನ್ಯಾಗೇ ಉಣ್ರಿ.”

“ನಿನ್ನ ಸಾರಿಗೆ ಉಪ್ಪೇ ಇರಲ್ಲ.”

“ನೀವೇ ಹಾಕ್ರಿ. ಅನ್ನ ಒಂದು ಕುದಿ ಬಂದ ಮ್ಯಾಲೆ ಇಳಿಸಿ ಕೌದಿ ಸುತ್ತಿಡ್ತೀನಿ, ತಾನೇ ಬೇಯ್ತೈತೆ. ಅರ್ಧ ಎಣ್ಣೆ ಉಳಿತೈತೆ.”

“ಉಳಿಸಿ?”

“ಉಳೀಲಿ ಬಿಡ್ಲಿ, ಇಬ್ರೂ ಕೂತು ಉಣ್ಣಬೋದು.”

ಸಾಲು ಸರಿಯಿತು. ದ್ರಾಕ್ಷಾಯಣಮ್ಮ ಕ್ಯಾನ್ ಎತ್ತಿಕೊಂಡರು, ತಿರುಗಿ ನೋಡದೆ ಹೇಳಿದರು.

“ನಮ್ಮನ್ಯಾಗ ಸದ್ದು ಮಾಡೋದು ಆ ಪಂಪ್ ಸ್ಟೋವ್ ಒಂದೇ, ಗಿರಿಜಾ. ಅದನ್ನೂ ಆರಿಸ್ಲೇನು? ಬ್ಯಾಡ.”