ಹೆಣ್ಣು ನೋಡೋಕೆ ಹೋದ ಎಸ್‌ಯುವಿ

ಸಂಪಿಗೆ ರಸ್ತೆಯ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಇಬ್ಬರು ಗೆಳೆಯರು ನಿಂತಿದ್ದರು. ಒಬ್ಬನ ಮುಖ ಕ್ಲೈಮ್ಯಾಕ್ಸಿನಲ್ಲಿ ಒದೆ ತಿಂದ ವಿಲನ್‌ನಂತಿತ್ತು.

“ಏನೋ ಶಶಿ, ಹೆಣ್ಣು ನೋಡೋಕೆ ನಿನ್ನ ಸೆಕೆಂಡ್‌ಹ್ಯಾಂಡ್ ಎಸ್‌ಯುವಿಲೇ ಹೋಗಿದ್ಯಂತೆ?”

“ಹೋದೆ ಮಗಾ. ಹೊರಡೋವಾಗ ಅವ್ರ ಮನೆ ಮುಂದೇನೇ ಗೇರ್‌ಬಾಕ್ಸ್ ಹೋಯ್ತು. ರಾಹುಕಾಲಕ್ಕೆ ಮುಂಚೆ ಹೊರಡ್ಲೇಬೇಕು ಅಂತ ಅಮ್ಮನ ಹಠ. ಹುಡುಗಿ ಅಪ್ಪ, ಚಿಕ್ಕಪ್ಪ ಎಲ್ಲಾ ಸೇರಿ ಕ್ರಾಸ್ ದಾಟೋವರೆಗೂ ತಳ್ಳಿದ್ರು.”

“ಹುಡುಗಿ?”

“ಸ್ಟೀರಿಂಗ್ ಹಿಡಿದಿದ್ಲು, ಪಕ್ಕದಲ್ಲಿ ಅಮ್ಮ. ನಾನೂ ತಳ್ತಿದ್ದೆ.”

“ಹಂಗಾದ್ರೆ ಸಂಬಂಧ ಢಮಾರ್?”

“ಇಲ್ಲ, ಒಪ್ಪಿದ್ಲು. ಗಾಡಿ ಮಾರಿದ್ರೆ ಮಾತ್ರ ಮದ್ವೆ ಅಂತೆ.”

“ಮಾರ್ಬಿಡು ಗುರು!”

“ರಿಪೇರಿ ಆಗ್ದೆ ಯಾರ್ ತಗೋತಾರೆ? ಮೆಕ್ಯಾನಿಕ್ ಕೇಳೋ ದುಡ್ಡಲ್ಲಿ ಛತ್ರಾನೇ ಬುಕ್ ಮಾಡ್ಬೋದು.”

ರೈಲು ಬಂತು. ಶಶಿ ಗೆಳೆಯನ ಕೈ ಹಿಡಿದೆಳೆದ.

“ಹತ್ತೋ ಬೇಗ! ಅವಳು ಗ್ಯಾರೇಜಲ್ಲಿ ಕಾಯ್ತಿದಾಳೆ. ಚೌಕಾಸಿ ತಾನೇ ಮಾಡ್ತಾಳಂತೆ.”