ಮುಂಜಾನೆ ಮಾರಿದ ಶೆಡ್ಡು

ಅಣ್ಣಿಗೇರಿ ಬಸ್ ಸ್ಟ್ಯಾಂಡಿನಾಗ ನನ್ನ ಬಾಜು ಟ್ರ್ಯಾಕ್ಟರ್ ಟ್ರೇಲರ್ ಮಾಡೋ ಮೈಲಾರಪ್ಪ, ಅವನ ತಂಗಿ ಮಗಳು ಮಂಜುಳಾ ಕುಂತಿದ್ದರು. ಆಕಿ ಪಿಯುಸಿ ಪರೀಕ್ಷೆಗೆ ಅರ್ಥಶಾಸ್ತ್ರ ಓದತಿದ್ದಳು.

“ಮಾವಾ, ವ್ಯಾಪಾರಕ್ಕ ನಾಕು ಹಂತ ಅಂತ. ಏರತೈತಿ, ತುದಿ ಮುಟ್ಟತೈತಿ, ಇಳಿತೈತಿ, ತಳ ಹಿಡಿತೈತಿ. ಆಮ್ಯಾಲೆ ಮತ್ತ ಏರತೈತಿ.”

“ಎರಡು ವರ್ಷಾತು, ಒಬ್ಬನೂ ಹೊಸಾ ಟ್ರೇಲರ್ ಕೇಳಿಲ್ಲ. ಏರೂದು ನಿಮ್ಮ ಪುಸ್ತಕದಾಗ ಅಷ್ಟ.”

“ಹಳೇವಾದ್ರೂ ರಿಪೇರಿಗೆ ಬರತಾವೇನು?”

“ಈ ತಿಂಗಳು ಭಾಳ ಬಂದಾವು.”

“ಸುಮ್ಮ ನಿಂತಿದ್ದ ಗಾಡಿ ಮತ್ತ ಓಡಾಕತ್ತಾವಂದ್ರ ತಳ ದಾಟೇತಿ, ಮಾವಾ! ಇನ್ನ ಏರೂದ.”

ಮೈಲಾರಪ್ಪ ಆಕಿ ಕಡೆ ಹೊಳ್ಳಿದ.

“ಲೇ ಮಂಜಿ, ಇದನ್ನ ನಿನ್ನೆ ಹೇಳಾಕ ಏನಾಗಿತ್ತು ನಿನಗ?”

“ಯಾಕ?”

“ಮುಂಜಾನೆ ಶೆಡ್ಡು, ವೆಲ್ಡಿಂಗ್ ಮಷೀನು ಎಲ್ಲಾ ಬೀರೇಶಗ ಮಾರಿದೆ.”

“ನಿನ್ನ ಕಡೆ ಕೆಲಸಕ್ಕಿದ್ದ ಬೀರೇಶಗ? ಅವ ಸಾಲಿ ಕಲ್ತೇ ಇಲ್ಲಲ್ಲೋ!”

“ರಿಪೇರಿ ಎಲ್ಲಾ ಅವನೇ ಮಾಡತಿದ್ದ. ನಾ ಹೊಸಾ ಗಿರಾಕಿ ದಾರಿ ಕಾಯ್ಕೋತ ಕುಂತಿದ್ದೆ.”

ಹುಬ್ಬಳ್ಳಿ ಬಸ್ ಬಂತು. ಅವ ಹತ್ತಲಿಲ್ಲ, ಶೆಡ್ಡಿನ ಕಡೆ ಹೊಂಟ. ಆಕಿ ಬೆನ್ನ ಹತ್ತಿದಳು.

“ಮಾರಿದ್ದು ತಿರುಗಿ ಕೇಳತೀಯೇನು, ಮಾವಾ?”

“ಇಲ್ಲಬೇ. ಕೆಲಸ ಕೇಳತೀನಿ.”